ಹೆಸರು ಬರೆಯದ ಡಬ್ಬಿ

ಬದುಕಿರುವವರ ಸಾವಿನ ಕಾರ್ಯಕ್ರಮ ಮಾಡಿಡುವುದು ರೇಡಿಯೋ ಕೇಂದ್ರದಲ್ಲಿ ಪಾಪವಲ್ಲ, ಅದೂ ಒಂದು ಕೆಲಸ. ದೊಡ್ಡ ಮನುಷ್ಯರು ಯಾರಾದರೂ ಹಾಸಿಗೆ ಹಿಡಿದರು ಎಂದು ಸುದ್ದಿ ಬಂದರೆ ಸಾಕು, ಅವರ ಬಗ್ಗೆ ಅರ್ಧ ಗಂಟೆಯ ಟೇಪು ಸಿದ್ಧವಾಗಿ ಕಪಾಟು ಸೇರಬೇಕು. ಸುದ್ದಿ ಬಂದ ಮೇಲೆ ಎಲ್ಲರೂ ಅಳುತ್ತಾ ಕೂತರೆ ಕೆಲಸ ಮಾಡುವವರು ಯಾರು? ಇಪ್ಪತ್ತೆರಡು ವರ್ಷದಿಂದ ಬೆಳಗಿನ ಕಾರ್ಯಕ್ರಮ ನಡೆಸುತ್ತಿದ್ದ ಉದ್ಘೋಷಕಿ ಇಂಥ ಹನ್ನೊಂದು ಟೇಪು ಮಾಡಿದ್ದಳು. ಊರಿನವರಿಗೆ ಅವಳು ಬೆಳಗಿನಕ್ಕ. ಅವಳು ಏಳು ಗಂಟೆ ಅಂದರೆ ಏಳು ಗಂಟೆ. ಗೋಡೆಯ ಗಡಿಯಾರ ಬೇರೆ ಏನಾದರೂ ಹೇಳಿದರೆ ಜನ ಗಡಿಯಾರವನ್ನೇ ತಿದ್ದಿಕೊಳ್ಳುತ್ತಿದ್ದರು.

ಆ ಟೇಪುಗಳ ಡಬ್ಬಿಯ ಮೇಲೆ ಮಾತ್ರ ಯಾರೂ ಏನೂ ಬರೆಯುತ್ತಿರಲಿಲ್ಲ. ನಿಯಮ ಏನೋ ಇತ್ತು, ಹೆಸರು, ದಿನಾಂಕ, ವಿಷಯ ಎಲ್ಲ ಬರೆಯಬೇಕು ಅಂತ. ಆದರೆ ಉಸಿರಾಡುತ್ತಿರುವ ಮನುಷ್ಯನ ಹೆಸರಿನ ಮುಂದೆ 'ನಿಧನ' ಎಂದು ಬರೆಯಲು ಯಾರ ಕೈ ಏಳುತ್ತದೆ? ಖಾಲಿ ಬಿಟ್ಟ ಡಬ್ಬಿ ಎಂದರೆ ಅದೇ ಎಂದು ಹಳಬರಿಗೆಲ್ಲ ಗೊತ್ತಿತ್ತು. ಹೊಸಬರಿಗೆ ಹೇಳಿಕೊಡಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

ಹನ್ನೆರಡನೆಯ ಟೇಪು ಕಂಠಣ್ಣನದು. ಮೂವತ್ತೈದು ವರ್ಷ ಊರಿಗೆ ಊರನ್ನೇ ಕುಣಿಸಿದ, ಅಳಿಸಿದ, ಮದುವೆ ಮಾಡಿಸಿದ, ಜಗಳ ಬಿಡಿಸಿದ ಕಂಠ ಅದು. ಅವನ ನಿಜವಾದ ಹೆಸರು ಜನ ಎಂದೋ ಮರೆತಿದ್ದರು. ಬೆಳಗಿನಕ್ಕ ಕೆಲಸಕ್ಕೆ ಸೇರಿದ ಮೊದಲ ವಾರ ಮೈಕಿನ ಮುಂದೆ ನಾಲಿಗೆ ಹೊರಳದೆ ನಿಂತಾಗ, "ಗಾಬರಿ ಯಾಕಮ್ಮ, ನಾನೊಬ್ಬನೇ ಕೇಳ್ತಾ ಇದೀನಿ ಅಂದ್ಕೋ" ಎಂದು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತವನು. ಅಂದಿನಿಂದ ಅವಳಿಗೆ ಅವನು ಅಣ್ಣ, ಅವನ ಹೆಂಡತಿ ಅತ್ತಿಗೆ.

ಮೂರು ವಾರದ ಹಿಂದೆ ಅಣ್ಣನ ಗಂಟಲನ್ನು ಕೊಯ್ದು ತೆಗೆದರು. ಗಡ್ಡೆಯ ಜೊತೆ ದನಿಯ ಪೆಟ್ಟಿಗೆಯೂ ಹೋಯಿತು. ಉಳಿದದ್ದು ಕುತ್ತಿಗೆಯ ಬುಡದಲ್ಲಿ ಒಂದು ತೂತು. ಇನ್ನು ಮುಂದೆ ಉಸಿರೆಲ್ಲ ಅದರಿಂದಲೇ, ಮೂಗಿನಿಂದಲ್ಲ, ಬಾಯಿಂದಲ್ಲ. ಇದು ವೈದ್ಯರಿಗೆ, ಅತ್ತಿಗೆಗೆ ಮತ್ತು ಅವಳಿಗೆ ಬಿಟ್ಟು ಬೇರೆಯವರಿಗೆ ಗೊತ್ತಿರಲಿಲ್ಲ. ಊರಿಗೆ ಹೇಳಿದ್ದು 'ಸ್ವಲ್ಪ ಗಂಟಲು ನೋವು' ಎಂದು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಮಧ್ಯಾಹ್ನ ಅವಳು ಆ ಟೇಪು ಮಾಡಿದಳು. ಸಾವಿನ ಮಾತಿನಿಂದ ಶುರು ಮಾಡಲು ಮನಸ್ಸು ಒಪ್ಪದೆ ಮೊದಲಿಗೆ ಅವನದೊಂದು ಪೂರ್ತಿ ಹಾಡು ಹಾಕಿದಳು. ಆಮೇಲೆ, "ನಮ್ಮ ಕಂಠಣ್ಣ ಇನ್ನಿಲ್ಲ" ಎಂದು ಹೇಳುವಾಗ ನಿಜವಾಗಿ ಅತ್ತಳು. ಎರಡನೇ ಸಲ ಓದುವ ಧೈರ್ಯವಿಲ್ಲದೆ ಆ ಅಳುವನ್ನು ಹಾಗೇ ಉಳಿಸಿ, ಡಬ್ಬಿಯ ಮೇಲೆ ಏನೂ ಬರೆಯದೆ ಕಪಾಟಿನಲ್ಲಿ ಕಂಠಣ್ಣನ ಹಾಡುಗಳ ಸಾಲಿನ ಕೊನೆಗಿಟ್ಟಳು.

ಅದಾದ ಮೂರು ವಾರಕ್ಕೆ ಒಂದು ಬೆಳಿಗ್ಗೆ ಏಳೂಕಾಲಿಗೆ ಹಲ್ಲಿನ ಡಾಕ್ಟರೊಬ್ಬರು ಬಂದು ಹಲ್ಲು ಉಜ್ಜುವ ಬಗ್ಗೆ ಮಾತಾಡಬೇಕಿತ್ತು. ಬರಲಿಲ್ಲ. ಯಂತ್ರದ ಮುಂದೆ ಇದ್ದವನು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ತಂತ್ರಜ್ಞ, ಎಲ್ಲರ ಬಾಯಲ್ಲೂ ಅವನ ಹೆಸರು ಗಡಿಬಿಡಿ. ಹೆಸರಿಗೆ ತಕ್ಕಂತೆ ಓಡಿಹೋಗಿ ಕಂಠಣ್ಣನ ಸಾಲಿನಿಂದ ಕೈಗೆ ಸಿಕ್ಕ ಡಬ್ಬಿ ತಂದ. ಹತ್ತು ಸೆಕೆಂಡು ಕೇಳಿದ. ಹಾಡು. ಟೇಪು ಓಡಲು ಬಿಟ್ಟು ಡಾಕ್ಟರಿಗೆ ಫೋನು ಮಾಡಲು ಆಚೆ ಹೋದ.

ಬೆಳಗಿನಕ್ಕ ಓಣಿಯಲ್ಲಿ ನಿಂತು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದಳು. ಗೋಡೆಯ ಸ್ಪೀಕರಿನಲ್ಲಿ ಹಾಡು ಮುಗಿಯಿತು. ಆಮೇಲೆ ಯಾರೋ ಹೆಂಗಸು ಮೂಗು ಎಳೆದುಕೊಂಡಳು. ಯಾರಪ್ಪಾ ಇದು, ಮೈಕಿನ ಮುಂದೆ ಅಳ್ತಾ ಇರೋದು, ಎಂದು ಅವಳು ತಲೆ ಎತ್ತಿದಳು. ಅದು ತನ್ನದೇ ದನಿ ಎಂದು ಗೊತ್ತಾಗುವ ಹೊತ್ತಿಗೆ ಚಹಾ ಲೋಟ ತುಂಬಿ ಕೈ ಮೇಲೆ ಹರಿಯುತ್ತಿತ್ತು.

ಅವಳು ಓಡಿ ಒಳಗೆ ಹೋದಾಗ, ಅಷ್ಟರಲ್ಲಿ ಮರಳಿದ್ದ ಗಡಿಬಿಡಿ ಯಂತ್ರದ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ.

"ಯಾವಾಗ ಹೋದ್ರಕ್ಕಾ?" ಅಂದ. "ಮೊದ್ಲೇ ಹೇಳಬಾರ್ದಿತ್ತಾ?"

"ನಿಲ್ಸೋ ಮೊದ್ಲು."

"ನಿಮ್ಮ ದನಿ ಕೇಳಿದ ಮೇಲೆ ಹೇಗೆ ನಿಲ್ಸಲಿ?"

ಅವಳೇ ಗುಂಡಿ ಒತ್ತಿದಳು. ಆ ಹೊತ್ತಿಗೆ 'ಇನ್ನಿಲ್ಲ' ಎಂಬ ಮಾತು ಊರಿಗೆ ಮುಟ್ಟಿ ಒಂದು ನಿಮಿಷ ಕಳೆದಿತ್ತು.

ತಕ್ಷಣ ಮೈಕು ಹಿಡಿದು ತಪ್ಪಾಯಿತು ಎಂದಿದ್ದರೆ ಏನಾಗುತ್ತಿತ್ತೋ. ನಿರ್ದೇಶಕರು ಬಿಡಲಿಲ್ಲ. ಅವರು ತಮ್ಮ ಹೆಂಡತಿಗೆ ಕಾಗದ ಬರೆದರೂ ನಕಲು ಪ್ರತಿ ಇಟ್ಟುಕೊಳ್ಳುವ ಮನುಷ್ಯ. ಮೂರು ಸಲ ಬರೆದು, ಎರಡು ಸಲ ಹೊಡೆದುಹಾಕಿ, ಮೇಲಿನವರನ್ನು ಕೇಳಿ, ಎಂಟು ಗಂಟೆಗೆ ಅವಳ ಕೈಗೆ ನಾಲ್ಕು ಸಾಲಿನ ಹಾಳೆ ಕೊಟ್ಟರು. "ಇದ್ರಲ್ಲಿರೋದಷ್ಟೇ ಓದಿ. ಒಂದಕ್ಷರ ಹೆಚ್ಚು ಬೇಡ, ಕಡಿಮೆ ಬೇಡ."

ಅವಳು ಓದಿದಳು. ಬೆಳಿಗ್ಗೆ ಆಕಸ್ಮಿಕವಾಗಿ ಪ್ರಸಾರವಾದ ಮಾಹಿತಿಗೆ ಕೇಂದ್ರ ವಿಷಾದಿಸುತ್ತದೆ, ಸದರಿ ಗಾಯಕರು ಆರೋಗ್ಯವಾಗಿದ್ದಾರೆ, ಇತ್ಯಾದಿ. ಒಣ ಕಟ್ಟಿಗೆ ಮುರಿದ ಹಾಗೆ ಕೇಳಿಸಿತು, ಅವಳ ಕಿವಿಗೇ.

ಫೋನುಗಳು ಬಂದವು. ಬೈಯುತ್ತಾರೆ ಎಂದುಕೊಂಡಿದ್ದಳು. ಯಾರೂ ಬೈಯಲಿಲ್ಲ. ಒಬ್ಬ ಮುದುಕರು ದನಿ ತಗ್ಗಿಸಿ ಕೇಳಿದರು, "ಯಾಕಮ್ಮ, ಯಾರಾದ್ರೂ ಹೆದರಿಸ್ತಾ ಇದಾರಾ? ಎಂಟು ಗಂಟೆಗೆ ಓದಿದ್ದು ನಿನ್ನ ಮಾತಲ್ಲ. ಇಪ್ಪತ್ತು ವರ್ಷದಿಂದ ಕೇಳ್ತಿದೀವಿ, ನಿನ್ನ ದನಿ ನಮಗೆ ಗೊತ್ತಾಗಲ್ವಾ?"

ಜನ ಸೇರಿದರೆ ಗಲಾಟೆಯಾದೀತು ಅಂತ ದೊಡ್ಡವರೆಲ್ಲ ಸಾವನ್ನು ಮುಚ್ಚಿಡುತ್ತಿದ್ದಾರೆ ಎಂಬ ಮಾತು ಒಂಬತ್ತರ ಒಳಗೆ ಊರೆಲ್ಲ ಹರಡಿತು. ಅತ್ತು ಹೇಳಿದ್ದು ನಿಜ, ಕಾಗದ ನೋಡಿ ಓದಿದ್ದು ಸುಳ್ಳು. ಇದನ್ನು ಯಾರೂ ಯಾರಿಗೂ ಕಲಿಸಿಕೊಡಬೇಕಾಗಲಿಲ್ಲ.

ಅವಳು ನಡೆದೇ ಅಣ್ಣನ ಮನೆಗೆ ಹೊರಟಳು. ಅಂಗಡಿಗಳ ಬಾಗಿಲು ಒಂದೊಂದಾಗಿ ಇಳಿಯುತ್ತಿದ್ದವು. ದರ್ಜಿಯೊಬ್ಬ ಕೋಟಿನ ಒಳಬಟ್ಟೆಗೆ ತಂದಿಟ್ಟ ಕಪ್ಪು ಥಾನನ್ನು ಪಟ್ಟಿ ಪಟ್ಟಿಯಾಗಿ ಹರಿದು ದಾರಿಹೋಕರ ತೋಳಿಗೆ ಕಟ್ಟುತ್ತಿದ್ದ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವನೊಬ್ಬ ನೊರೆ ಮೆತ್ತಿಕೊಂಡೇ ಬೀದಿಗೆ ಬಂದು ಗುಂಪು ಸೇರಿಕೊಂಡ. ಪ್ರತಿ ಕಿಟಕಿಯಲ್ಲೂ ಅಣ್ಣನ ಹಾಡು, ಒಂದೊಂದು ಮನೆಯಲ್ಲಿ ಒಂದೊಂದು, ಎಲ್ಲ ಬೆರೆತು ಬೀದಿಯಲ್ಲಿ ಗುಂಯ್ ಎನ್ನುತ್ತಿತ್ತು. ಗುರುತು ಹಿಡಿದ ಹೆಂಗಸರು ಅವಳ ಕೈ ಹಿಡಿದುಕೊಂಡರು. "ಅವರು ಬದುಕಿದಾರೆ" ಎಂದು ಅವಳು ಹೂವಿನವಳಿಗೆ ಹೇಳಿದಳು. ಹೂವಿನವಳು ಆ ಕಡೆ ಈ ಕಡೆ ನೋಡಿ, "ಗೊತ್ತು ಬಿಡಿ ಅಕ್ಕಾ, ನಿಮಗೆ ಹಾಗೇ ಹೇಳೋಕೆ ಹೇಳಿರ್ತಾರೆ" ಅಂದಳು. ಅವಳ ಬುಟ್ಟಿ ಆಗಲೇ ಖಾಲಿಯಾಗಿತ್ತು.

ಹಿಂದಿನ ಬಾಗಿಲಿನಿಂದ ಅತ್ತಿಗೆ ಒಳಗೆ ಸೇರಿಸಿಕೊಂಡರು. ಮೆಟ್ಟಿಲಿನ ಕಡೆ ಕೈ ತೋರಿಸಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಣ್ಣ ಮಹಡಿಯ ಕೋಣೆಯಲ್ಲಿ, ಪರದೆ ಎಳೆದ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದ. ದುಂಡಗಿದ್ದ ಮುಖ ಈಗ ಮೂಳೆ ಮತ್ತು ಕಣ್ಣು. ಅಲೆಯಲೆಯಾಗಿ ಇಳಿಯುತ್ತಿದ್ದ ಕೂದಲು ಔಷಧಿಗೆ ಉದುರಿ ತಲೆ ಬೋಳಾಗಿತ್ತು. ಕುತ್ತಿಗೆಗೆ ತೆಳ್ಳಗಿನ ಜಾಳು ಬಟ್ಟೆ. ಅದು ಉಸಿರಿನ ಜೊತೆ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಕುರ್ಚಿಯ ತೋಳಿನ ಮೇಲೆ ಎರಡು ಬೆರಳಿನಿಂದ ಟಕ್ ಟಕ್ ಎಂದು ಬಡಿದ. ಕರೆಯುವುದು ಈಗ ಹಾಗೆ. ಅವಳು ಹತ್ತಿರ ಹೋಗಿ ನೆಲದ ಮೇಲೆ ಕೂತಳು.

"ನನ್ನಿಂದ ಆಗಿದ್ದು ಅಣ್ಣ. ಡಬ್ಬಿ ಮೇಲೆ ಬರೀಲಿಲ್ಲ."

ಅಣ್ಣ ಮಡಿಲಲ್ಲಿದ್ದ ಸ್ಲೇಟಿನ ಮೇಲೆ ಬರೆದ: ಚೆನ್ನಾಗಿ ಅತ್ತೆ. ಕೇಳಿದೆ.

ಹೊರಗಿನ ಗುಂಯ್ ಎನ್ನುವ ಸದ್ದು ಹತ್ತಿರ ಬರುತ್ತಿತ್ತು. ಅಣ್ಣ ಅಳಿಸಿ ಮತ್ತೆ ಬರೆದ: ಎಷ್ಟು ಜನ?

ಅವಳು ಪರದೆ ಸರಿಸಿದಳು. ಬೀದಿಯ ಈ ತುದಿಯಿಂದ ಆ ತುದಿಗೆ ತಲೆಗಳು. ಪಕ್ಕದ ಬೀದಿಯಲ್ಲೂ ತಲೆಗಳು. ಯಾರೂ ಕೂಗುತ್ತಿರಲಿಲ್ಲ. ಎಲ್ಲರೂ ಈ ಕಿಟಕಿಯನ್ನೇ ನೋಡುತ್ತಿದ್ದರು.

"ಲೆಕ್ಕ ಇಲ್ಲ ಅಣ್ಣ."

ಅವನು ಆ ಎರಡು ಪದವನ್ನು ಅಳಿಸದೆ ಸ್ಲೇಟನ್ನು ಎದೆಗೆ ಒತ್ತಿಕೊಂಡ. ಶಸ್ತ್ರಚಿಕಿತ್ಸೆಗೆ ಮೊದಲು ಆಸ್ಪತ್ರೆಗೆ ನೋಡಲು ಬಂದವರು ಆರು ಜನ, ಅದರಲ್ಲಿ ಇಬ್ಬರು ಬಾಡಿಗೆ ಕೇಳಲು ಎಂದು ಅತ್ತಿಗೆ ಬಾಗಿಲಲ್ಲೇ ನಿಂತು ಗೊಣಗಿದರು.

"ಒಂದು ಸಲ ಮುಖ ತೋರ್ಸಿ ಅಣ್ಣ," ಎಂದು ಬೆಳಗಿನಕ್ಕ ಬೇಡಿಕೊಂಡಳು. "ನೀವು ಕೈ ಬೀಸಿದ್ರೆ ಸಾಕು, ಎಲ್ಲ ಮನೆಗೆ ಹೋಗ್ತಾರೆ." ಅವನಿಗಾಗಿ ಬೇಡಿದಳೋ ತನ್ನ ತಲೆಯ ಮೇಲಿನ ಭಾರ ಇಳಿಸಿಕೊಳ್ಳಲು ಬೇಡಿದಳೋ, ಆ ಪ್ರಶ್ನೆ ಅವಳಿಗೆ ಆಮೇಲೆ ಬಂತು.

ಅಣ್ಣ ಒಪ್ಪಿದ. ಇಬ್ಬರ ಹೆಗಲು ಹಿಡಿದು ಬಾಲ್ಕನಿಗೆ ಬಂದ, ಕೈ ಎತ್ತಿದ. ಬೀದಿ ಸ್ತಬ್ಧವಾಯಿತು.

"ಯಾರದು?" ಎಂದು ಕೆಳಗೆ ಒಬ್ಬ ಪಕ್ಕದವನನ್ನು ಕೇಳಿದ್ದು ಮಹಡಿಗೂ ಕೇಳಿಸಿತು.

"ಯಾರೋ ತಾತ."

"ಕಂಠಣ್ಣನೇ ಇವರು," ಎಂದು ಬೆಳಗಿನಕ್ಕ ಮೇಲಿನಿಂದ ಹೇಳಿದಳು.

"ಹಾಗಾದ್ರೆ ಒಂದು ಸಾಲು ಹಾಡ್ಲಿ," ಎಂದಿತು ಒಂದು ದನಿ. ಸಿಟ್ಟಿನ ದನಿಯಲ್ಲ. ನ್ಯಾಯವಾಗಿ ಕೇಳುವ ದನಿ. ಅಣ್ಣ ಬಾಯಿ ತೆರೆದ. ಎಂದಿನ ಅಭ್ಯಾಸ, ತಡೆಯಲಾಗಲಿಲ್ಲ. ಎದೆ ಉಬ್ಬಿತು, ಕತ್ತಿನ ಬಟ್ಟೆ ಒಂದು ಸಲ ಹೊರಗೆ ಹಾರಿತು, ಸೊಂಯ್ ಎಂದು ಗಾಳಿ ಬಂತು, ಅಷ್ಟೇ. ಕೆಳಗೆ ಯಾರೋ ನಕ್ಕರು. ಆ ನಗು ಅಲ್ಲೇ ನಿಂತಿತು. ಆಮೇಲೆ ಮೊದಲನೆಯ ಕಲ್ಲು ಬಂದು ಕಿಟಕಿಯ ಗಾಜು ಒಡೆಯಿತು. "ದೇಹ ಎಲ್ಲಿಟ್ಟಿದೀರಿ? ಯಾರನ್ನೋ ತಂದು ನಿಲ್ಸಿ ನಮಗೆ ಮೋಸ ಮಾಡ್ತೀರಾ?"

ಅವರು ಒಳಗೆ ಬಂದು ಚಿಲಕ ಹಾಕಿಕೊಂಡರು. ಪೊಲೀಸರಿಗೆ ಫೋನು ಮಾಡಿದರೆ, ಬರುತ್ತಿದ್ದೇವೆ, ಬೀದಿಯೊಳಗೆ ಕಾಲಿಡಲು ಜಾಗವಿಲ್ಲ, ಎಂಬ ಉತ್ತರ ಬಂತು. ಸ್ವಲ್ಪ ಹೊತ್ತಿಗೆ ಕೆಳಗಿನ ಮುಂಬಾಗಿಲಿನಲ್ಲಿ ಸಣ್ಣಗೆ ಕಿರ್ ಕಿರ್ ಸದ್ದಾಯಿತು. ಬಡಿಯುವ ಸದ್ದಲ್ಲ, ಒಡೆಯುವ ಸದ್ದೂ ಅಲ್ಲ. ಬಾಗಿಲು ತಾನಾಗಿ ತೆರೆದುಕೊಂಡಿತು. ಒಬ್ಬನೇ ಒಳಗೆ ಬಂದು, ಹಿಂದೆ ಬಾಗಿಲನ್ನು ಜೋಪಾನವಾಗಿ ಮುಚ್ಚಿ, ಮೆಟ್ಟಿಲು ಹತ್ತಿದ.

ಅವನು ಬೀಗ ರಿಪೇರಿಯವನು, ಅಭಿಮಾನಿ ಸಂಘದ ಅಧ್ಯಕ್ಷ. ಈ ಮನೆಯ ಬೀಗ ಹಾಕಿಕೊಟ್ಟವನೂ ಅವನೇ, ದುಡ್ಡು ಮುಟ್ಟದೆ. ಅಣ್ಣನ ಎದುರು ಬಂದು ನಿಂತ. ಮುಖ ನೋಡಿದ, ಅನುಮಾನಪಟ್ಟ. ಬೆರಳುಗಳನ್ನು ನೋಡಿದ. ಕುರ್ಚಿಯ ಮೇಲೆ ತಾಳ ಹಾಕುವ ಆ ಎರಡು ಬೆರಳು ನೋಡಿದ್ದೇ ಮಂಡಿಯೂರಿ ಕೂತುಬಿಟ್ಟ. ಬಹಳ ಹೊತ್ತು ಅತ್ತ. ಅತ್ತು ಮುಗಿದ ಮೇಲೆ ಅವನ ಮುಖದಲ್ಲಿ ಸಂತೋಷವಿರಲಿಲ್ಲ.

"ನಾನು ನಂಬಿದೆ ಅಣ್ಣ. ಅವರು ನಂಬಲ್ಲ," ಅಂದ. "ಹಳ್ಳಿಗಳಿಂದ ಲಾರಿ ಮೇಲೆ ಲಾರಿ ಬರ್ತಾ ಇದೆ. ದೇಹ ನೋಡದೆ ಹೋಗಲ್ಲ. ಇನ್ನೊಂದು ಗಂಟೆ ಆದ್ರೆ ನನ್ನ ಮಾತೂ ಕೇಳಲ್ಲ, ಮನೆಗೆ ಬೆಂಕಿ ಇಡ್ತಾರೆ."

"ಏನ್ಮಾಡ್ಬೇಕು ಅಂತೀಯ?" ಎಂದರು ಅತ್ತಿಗೆ.

ಅವನು ನೆಲ ನೋಡುತ್ತಾ ಹೇಳಿದ. ಹೂವಿನ ಲಾರಿ ಸಿದ್ಧವಾಗಿದೆ. ಅಣ್ಣ ಅದರಲ್ಲಿ ಮಲಗಿದರೆ ಸಾಕು. ಆರೇ ಬೀದಿ. ಆಮೇಲೆ ಸ್ಮಶಾನದ ಕಾಂಪೌಂಡಿನ ಒಳಗೆ ಸಂಘದ ನಾಲ್ಕು ಜನ ಬಿಟ್ಟು ಯಾರಿಗೂ ಪ್ರವೇಶವಿಲ್ಲ. ಹಿಂದಿನ ಗೇಟಿನಲ್ಲಿ ಕಾರು ನಿಂತಿರುತ್ತದೆ. "ಬದುಕಿರೋರ ಮುಖ ಅಂದ್ರೆ ಜನ ಒಪ್ಪಲ್ಲ. ಸತ್ತವರ ಮುಖ ಹೀಗೇ ಬದಲಾಗುತ್ತೆ ಅಂತ ಎಲ್ಲರೂ ಒಪ್ತಾರೆ."

"ತಲೆ ಕೆಟ್ಟಿದೆಯಾ ನಿನಗೆ?" ಅಂದಳು ಬೆಳಗಿನಕ್ಕ.

ಟಕ್ ಟಕ್. ಅಣ್ಣ ಸ್ಲೇಟು ಎತ್ತಿ ತೋರಿಸಿದ: ಹೋಗ್ತೀನಿ.

ಅತ್ತಿಗೆ ಸ್ಲೇಟು ಕಿತ್ತುಕೊಂಡರು. ಅವನು ಬೆರಳಿನಿಂದ ಅವರ ಅಂಗೈ ಮೇಲೆ ಬರೆದ. ಏನು ಬರೆದನೋ, ಅತ್ತಿಗೆಯ ಮುಖ ಸೋತಿತು. ಎದ್ದು ಹೋಗಿ ಕಪಾಟಿನಿಂದ ವೇದಿಕೆಯ ಕೆಂಪು ಕೋಟು, ಊರಿಗೆಲ್ಲ ಗುರುತಿದ್ದ ದಪ್ಪ ಕಪ್ಪು ಕನ್ನಡಕ ತಂದರು. ಕೋಟು ತೊಡಿಸುತ್ತಾ ಬೆಳಗಿನಕ್ಕನಿಗೆ ಒಂದೇ ಮಾತು ಹೇಳಿದರು. "ನಾನು ಆ ಗುಂಪಲ್ಲಿ ನಿಲ್ಲಲಾರೆ, ಕಾರಿನ ಹತ್ರ ಇರ್ತೀನಿ. ನೀನು ತಲೆ ಹತ್ರ ಕೂತ್ಕೋ. ಕತ್ತಿನ ಮೇಲೆ ಒಂದೆಸಳೂ ಬೀಳಬಾರದು."

ನಿರ್ದೇಶಕರೂ ಫೋನಿನಲ್ಲಿ ಸಿಕ್ಕರು. ನಡೆಯುವುದನ್ನು ಕೇಳಿ, ಹಾಗಾದರೆ ಮೈಕು ಕಳಿಸುತ್ತೇನೆ, ಲಾರಿಯಿಂದಲೇ ನೇರ ಪ್ರಸಾರ ಮಾಡಿ, ಜನಕ್ಕೆ ಸಮಾಧಾನವಾಗುತ್ತದೆ, ಎಂದರು. ಎಂಟು ಗಂಟೆಯ ಹಾಳೆಯ ಮಾತು ಅವರಿಗೆ ನೆನಪೇ ಇರಲಿಲ್ಲವೇನೋ.

ತಿರುವುಗಳಲ್ಲಿ ಜಾರಬಾರದು ಎಂದು ಬೀಗದವನು ಅಣ್ಣನ ಎದೆಗೂ ಮಂಡಿಗೂ ಅಡ್ಡಲಾಗಿ ಬಟ್ಟೆಯ ಪಟ್ಟಿ ಕಟ್ಟಿ, ಮೇಲೆ ಬಿಳಿ ಹೊದಿಕೆ ಹಾಸಿದ. ತೋಳುಗಳು ಪಟ್ಟಿಯ ಒಳಗೇ ಉಳಿದವು. ಹೊದಿಕೆಯ ಕೆಳಗೆ ಬೆಳಗಿನಕ್ಕ ಒಂದು ಕೈ ತೂರಿಸಿ ಅಣ್ಣನ ಕೈ ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಮೈಕು. ಲಾರಿ ಗೇಟು ದಾಟಿದಾಗ ಬೀದಿಯೇ ಒಂದು ಸಲ ಉಸಿರು ಎಳೆದುಕೊಂಡ ಹಾಗಾಯಿತು. "ಇವರೇ," ಎಂದು ಯಾರೋ ಬಿಕ್ಕಿದರು. ಬಾಲ್ಕನಿಯಲ್ಲಿ ಗುರುತು ಸಿಗದ ಮುಖ ಲಾರಿಯಲ್ಲಿ ಎಲ್ಲರಿಗೂ ಸಿಕ್ಕಿತು.

ಮೊದಲೆರಡು ಬೀದಿ ಸುಸೂತ್ರವಾಗಿ ಕಳೆಯಿತು. ಟಕ್ ಟಕ್, ಎಂದು ಅಣ್ಣ ಅವಳ ಅಂಗೈ ಮೇಲೆ ಬಡಿಯುತ್ತಿದ್ದ. ಚೆನ್ನಾಗಿದೀನಿ ಎಂದು. ಬಿದ್ದ ಹೂವನ್ನು ಅವಳು ಮೈಕು ಹಿಡಿದ ಕೈಯಲ್ಲೇ ಕತ್ತಿನಿಂದ ಸರಿಸುತ್ತಿದ್ದಳು. ಮೂರನೆಯ ಬೀದಿಯಲ್ಲಿ ಮಹಡಿಗಳಿಂದ ಹಾರ ಎಸೆಯತೊಡಗಿದರು. ನಾಲ್ಕನೆಯದರಲ್ಲಿ ಜನ ಲಾರಿಯ ಗಾಲಿ ಹತ್ತಿ, ಬದಿಯ ಹಲಗೆ ಹತ್ತಿ, ತಾವೇ ಕೈಯಾರೆ ಹಾಕತೊಡಗಿದರು. ಮೊಣಕೈ ದಪ್ಪದ ಒದ್ದೆ ಹಾರಗಳು, ಶಾಲುಗಳು, ಒಬ್ಬ ಹೆಂಗಸಿನ ತಲೆವಸ್ತ್ರ. ಒಂದು ತೆಗೆದರೆ ಮೂರು ಬಿದ್ದವು.

"ಹೂ ಯಾಕೆ ತೆಗೀತೀರಿ ಅಕ್ಕಾ?" ಎಂದ ಒಬ್ಬ. ಅವನ ಕಣ್ಣು ಕೆಂಪಗಿತ್ತು. "ನಾವು ಹಾಕಿದ್ದು ಅವರಿಗೆ ಸೇರಬಾರದಾ?" ಎಂದು ಅವಳ ಮಣಿಕಟ್ಟು ಹಿಡಿದುಕೊಂಡ. ಗಟ್ಟಿಯಾಗಿ ಅಲ್ಲ, ಅಕ್ಕರೆಯಿಂದ. ಆದರೆ ಬಿಡಲಿಲ್ಲ. ಹೊದಿಕೆಯ ಕೆಳಗಿನ ಕೈ ಹಾರಗಳ ಭಾರದಡಿ ಸಿಕ್ಕಿಕೊಂಡಿತ್ತು.

ಅಂಗೈ ಮೇಲೆ ಟಕ್ ಟಕ್ ಟಕ್ ಟಕ್ ಎಂದು ಶುರುವಾಯಿತು. ತಾಳವೇ ಇಲ್ಲದೆ. ಇಪ್ಪತ್ತೆರಡು ವರ್ಷದಲ್ಲಿ ಆ ಮನುಷ್ಯ ತಾಳ ತಪ್ಪಿದ್ದನ್ನು ಅವಳು ಕಂಡಿರಲಿಲ್ಲ.

"ಲಾರಿ ನಿಲ್ಸಿ," ಎಂದಳು ಮುಂದೆ ಕೂತ ಬೀಗದವನಿಗೆ. "ಉಸಿರು ಕಟ್ತಾ ಇದೆ. ಪಟ್ಟಿ ಬಿಚ್ಚು."

ಅವನು ತಿರುಗಿ ನೋಡಿದ. ಅವಳನ್ನು ನೋಡಿದ, ಹೂವಿನ ರಾಶಿ ನೋಡಿದ, ಲಾರಿಯ ಸುತ್ತಲಿನ ಸಾವಿರ ಮುಖ ನೋಡಿದ. ಸತ್ತ ಅಣ್ಣ ಈಗ ಎದ್ದು ಕೂತರೆ ಈ ಮುಖಗಳು ಏನಾಗುತ್ತವೆ ಎಂದು ಅವನು ಎಣಿಸಿದ್ದು ಅವಳಿಗೆ ಕಾಣಿಸಿತು.

"ಇನ್ನೆರಡೇ ಬೀದಿ ಅಕ್ಕಾ," ಎಂದ. ಮುಖ ತಿರುಗಿಸಿ ಚಾಲಕನಿಗೆ ಮುಂದೆ ಹೋಗು ಎಂದು ಸನ್ನೆ ಮಾಡಿದ.

ಆಗ ಬೆಳಗಿನಕ್ಕ ಮೈಕಿನಲ್ಲಿ ಹೇಳಿದಳು. ಹಾಳೆ ಇರಲಿಲ್ಲ, ನಿರ್ದೇಶಕರು ಇರಲಿಲ್ಲ. "ಕಂಠಣ್ಣ ಬದುಕಿದಾರೆ. ಇವರ ಕೈ ನನ್ನ ಕೈಯಲ್ಲಿದೆ, ಬಿಸಿಯಾಗಿದೆ. ಕತ್ತಿನ ಮೇಲಿನ ಹೂ ತೆಗೀರಿ, ನಿಮ್ಮ ಕಾಲಿಗೆ ಬೀಳ್ತೀನಿ." ಹೇಳುತ್ತಾ ಹೇಳುತ್ತಾ ಗೊಳೋ ಎಂದು ಅತ್ತಳು. ಊರಿನ ಪ್ರತಿ ಕಿಟಕಿಯಿಂದ, ಪ್ರತಿ ಅಂಗಡಿಯಿಂದ ಅವಳ ಅಳು ಅವಳಿಗೇ ತಿರುಗಿ ಬಂತು. ಬೀದಿಯ ತುಂಬ ಜನ ಅವಳ ಮಾತನ್ನು ಕೇಳಿದರು. ಅತ್ತು ಹೇಳಿದ ಮಾತು, ಯಾರೂ ಅನುಮಾನಪಡಲಿಲ್ಲ.

ಹಲಗೆ ಹಿಡಿದು ನಿಂತಿದ್ದ ಒಬ್ಬ ಮುದುಕಿ ಮೆಲ್ಲಗೆ ಅವಳ ತಲೆ ಸವರಿದಳು.

"ಹೌದಮ್ಮ, ಹೌದು," ಎಂದಳು. "ಬದುಕಿದಾರೆ. ಇಂಥವರಿಗೆಲ್ಲಿ ಸಾವು?"

ಎಂದು ತನ್ನ ಹಾರವನ್ನೂ ಎತ್ತಿ, ಎಲ್ಲಕ್ಕಿಂತ ಮೇಲೆ, ಕತ್ತಿನ ಹತ್ತಿರ, ಸರಿಯಾಗಿ ಕೂರುವಂತೆ ಒತ್ತಿ ಇಟ್ಟಳು. ಬೀದಿಯೆಲ್ಲ ಅದೇ ಮಾತನ್ನು ಹಿಡಿದು, ಬದುಕಿದಾರೆ, ಬದುಕಿದಾರೆ, ಎಂದು ಕೂಗುತ್ತಾ ಇನ್ನಷ್ಟು ಹೂ ಸುರಿಯಿತು. ಆ ಸದ್ದಿನಲ್ಲಿ ಬೆಳಗಿನಕ್ಕ ತನ್ನ ಅಂಗೈಯನ್ನಷ್ಟೇ ಕೇಳುತ್ತಿದ್ದಳು. ಟಕ್ ಟಕ್. ಆಮೇಲೆ ಒಂದೇ ಟಕ್. ಇನ್ನೊಂದಕ್ಕಾಗಿ ಅವಳು ಬೀದಿಯ ಕೊನೆಯವರೆಗೂ ಕಾದಳು.